ಬರೆದ ಹಾಗೆ ಮಾಡು

ವಿಜಾಪುರ
12 ಫೆಬ್ರವರಿ 1961

ಯಾಕೂಬ ಮೇಸ್ತ್ರಿಯವರಿಗೆ,

ಬಸ್ಸಿನ ಡ್ರೈವರ್ ಸಾಬಣ್ಣ ತನ್ನ ರಜೆಯ ದಿನ ನಮ್ಮ ಗಾಡಿಯನ್ನು ತಿಕೋಟಾಕ್ಕೆ ತಂದು ನಿಮ್ಮ ಶೆಡ್ಡಿನಲ್ಲಿ ನಿಲ್ಲಿಸುತ್ತಾನೆ. ಗಾಡಿ ನಿಮಗೆ ಹೊಸದಲ್ಲ. ಆ ಹಳೆಯ ಅಮೇರಿಕನ್ ಮೋಟಾರಿನ ಮಡ್‌ಗಾರ್ಡು, ತಲೆಯ ಮೇಲಿನ ಟಪ್ಪು, ಬಾನೆಟ್ಟು ಎಲ್ಲ ಕಿತ್ತು ಹಾಕಿಸಿ, ಪುಣೆಯಿಂದ ಜೋಡು ಕಾರ್ಬ್ಯುರೇಟರ್ ತರಿಸಿದವರು ನಮ್ಮ ಯಜಮಾನರು. ಸ್ಪ್ಯಾನರ್ ಹಿಡಿದವರು ನೀವು. ಆ ಬೋಳು ಗಾಡಿಯನ್ನು ಅವರು ಅಥಣಿ ರಸ್ತೆಯಲ್ಲಿ ಹಾರಿಸಿಕೊಂಡು ಹೋಗುವಾಗ ನಾನು ಎಷ್ಟು ಬೈದಿದ್ದೇನೋ! ಅವರು ತೀರಿಕೊಂಡು ಮೂರು ವರ್ಷವಾಯಿತು. ಈಗ ಅದನ್ನೇ ನಡೆಸಿಕೊಂಡು ಪ್ರತಿ ಶನಿವಾರ ಬಬಲೇಶ್ವರ, ಮಮದಾಪುರಗಳ ಹೆಂಗಸರಿಗೆ ಅಕ್ಷರ ಕಲಿಸಲು ಹೋಗುತ್ತೇನೆ.

ರೋಗ ಇದು. ನಿಂತಲ್ಲಿ ಎಂಜಿನ್ ಒಂದೇ ಸಮ ತಿರುಗುವುದಿಲ್ಲ. ಒಮ್ಮೆ ಏರಿ ಕಿರುಚುತ್ತದೆ, ಒಮ್ಮೆ ಸೊರಗಿ ಆರುತ್ತದೆ. ಜೋಡು ಕಾರ್ಬ್ಯುರೇಟರುಗಳನ್ನು ಹೊತ್ತ ಅಲ್ಯುಮಿನಿಯಂ ತುಂಡು ಎಂಜಿನ್ನಿನ ಮೇಲೆ ಕೂರುತ್ತದಲ್ಲ, ಆ ಸಂದಿಗೆ ಕಿವಿಯಿಟ್ಟರೆ ಹಾವು ಬುಸುಗುಟ್ಟಿದ ಸದ್ದು. ಬೇಡದ ಗಾಳಿ ಅಲ್ಲಿಂದ ಒಳಗೆ ಹೋಗುತ್ತಿದೆ ಎಂದು ಕೈಪಿಡಿ ಹೇಳುತ್ತದೆ.

ಕೈಪಿಡಿ ಇಂಗ್ಲಿಷಿನಲ್ಲಿದೆ. ಆ ಪುಟವನ್ನು ಪೂರ್ತಿ ಕನ್ನಡಕ್ಕೆ ಇಳಿಸಿ ಜೊತೆಗಿಟ್ಟಿದ್ದೇನೆ. ನಾಲ್ಕು ಸಂಜೆ ಹಿಡಿಯಿತು. ಒಂದೇ ಒಂದು ಇಂಗ್ಲಿಷ್ ಶಬ್ದ ಉಳಿಸಿಲ್ಲ. ನಾನು ಕಲಿತ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈ ಹಾಳೆ ಆ ಬೆಂಚಿಗೆ ನನ್ನ ಉತ್ತರ ಎಂದುಕೊಳ್ಳಿ. ಇದು ಜಂಬದ ಮಾತು ಅನ್ನಿಸಿದರೆ, ನನಗೂ ಹಾಗೇ ಅನ್ನಿಸುತ್ತಿದೆ.

ನಿಮ್ಮ ಮನೆಯಾಕೆ ಮುಮತಾಜಳಿಗೆ ನನ್ನ ನೆನಪು ಹೇಳಿ.

ಇತಿ,
ರೇಣುಕವ್ವ


ವಿಜಾಪುರ
10 ಏಪ್ರಿಲ್ 1961
(ಕಾರ್ಡು)

ಯಾಕೂಬ,

ನೀನು ನನಗೆ ಮೋಸ ಮಾಡಿದೆ. ಮೊನ್ನೆ ಶನಿವಾರ ಮಮದಾಪುರದಿಂದ ಮರಳುವಾಗ ನಡುಮಧ್ಯಾಹ್ನ ಗಾಡಿ ಸಿಡಿದು, ಕೆಮ್ಮಿ, ನಿಂತುಬಿಟ್ಟಿತು. ಎರಡು ಎತ್ತು ಕಟ್ಟಿಸಿ ಎಳೆಸಿಕೊಂಡು ಊರು ಸೇರಿದೆ. ನಾನು ಪಾಠ ಹೇಳುವ ಶಾಲೆಯ ಹುಡುಗಿಯರು ರಸ್ತೆಯ ಬದಿಗೆ ನಿಂತು ನೋಡಿದರು. ಇಲ್ಲಿಯ ಜಿಲಾನಿ ಮೇಸ್ತ್ರಿ ಬಿಚ್ಚಿದರೆ ಒಳಗೆಲ್ಲ ಕರಗಿದ ಅರಗು! ವಾಲ್ವುಗಳು ಅದರಲ್ಲಿ ಅಂಟಿಕೊಂಡು ಕೂತಿವೆ. "ಇದನ್ನ ಹಚ್ಚಿದಾವ ಮೇಸ್ತ್ರಿ ಅಲ್ರಿ, ಬಳಿಗಾರ" ಎಂದ. ಸರಿಯಾದದ್ದನ್ನು ಹಾಕುವುದು ಬಿಟ್ಟು ಬಳೆಯಂಗಡಿಯ ಅರಗು ಮೆತ್ತಿ ಕಳಿಸಿದೆಯಲ್ಲ, ನೀನು ಕಳ್ಳ ಮೇಸ್ತ್ರಿ. ಅವರು ಬದುಕಿದ್ದರೆ ಹೀಗೆ ಮಾಡುವ ಧೈರ್ಯ ನಿನಗಿರುತ್ತಿತ್ತೇ?

ರೇಣುಕವ್ವ


ತಿಕೋಟಾ
15 ಏಪ್ರಿಲ್ 1961

ರೇಣುಕಕ್ಕಾವ್ರಿಗೆ ಯಾಕೂಬ ಬರಿಯೂದು.

ನಿಮ್ಮ ಕಾರ್ಡು ನನಗ ಮುಟ್ಟೂಕಿಂತ ಮೊದಲ ಊರಿಗೆ ಮುಟ್ಟೇತಿ. ಟಪಾಲಿನ ಶಾಂತಪ್ಪ ಯಾರ ಕಾರ್ಡ ಇದ್ರೂ ಚಾದಂಗಡ್ಯಾಗ ಕುಂತು ಜೋರಾಗಿ ಓದತಾನ. ಓದಾಕ ಬರದ ಮಂದಿಗೆ ಓದಿ ಹೇಳಿ ಹೇಳಿ ಅವಂಗ ಆ ಚಟ ಹತ್ತೇತಿ. ಹತ್ತ ಹನ್ನೆರಡ ಮಂದಿ ಕುಂತಿದ್ರು. ನಾ ಎದುರಿಗೇ ಶೆಡ್ಡಿನ ಮುಂದ ಬೋಲ್ಟ ತೊಳಕೋತ ಕುಂತಿದ್ದೆ. "ಕಳ್ಳ ಮೇಸ್ತ್ರಿ" ಅನ್ನೂದನ್ನ ಎರಡ ಸಲ ಓದಿದಾ. "ಏನ್ಲೇ ಯಾಕೂಬಾ, ಎಂಜಿನ್ಯಾಗ ಅರಗಿನ ಮನಿ ಕಟ್ಟಿದೆಂತಲ್ಲ, ಒಳಗ ಯಾರನ್ನ ಇಟ್ಟೀಯೋ?" ಅಂತ ನಗಾಕ ಹತ್ತಿದ್ರು. ಹದಿನೈದ ವರ್ಷ "ನೀವು" ಅಂದ ಬಾಯಿ ಕಾರ್ಡಿನ್ಯಾಗ "ನೀನು" ಅಂತು. ಅದನ್ನೂ ಎಲ್ಲಾರೂ ಕೇಳಿದ್ರು.

ಅರಗ ನಾ ಯಾಕ ಹಚ್ಚಲಿರಿ? ನೀವು ಬರದೀರಿ. ಹಾಳ್ಯಾಗ ನೀಟ ಐತಿ. ಓದಿದ ಕೂಡಲೆ ನನಗ ಸಂಶೆ ಬಂತು. ಆ ತುಂಡಿನ ಕೆಳಗ ಎಂಜಿನ್ ಹೊಗಿ ಹಾಯೂ ಜಾಗ, ಕೈ ಇಟ್ರ ಸುಡತೈತಿ, ಅಲ್ಲೆ ಅರಗ ಹ್ಯಾಂಗ ನಿಂದ್ರತೈತಿ? ಸಾಬಣ್ಣಗ ಹೇಳಿ ಕಳಿಸಿದೆ: "ಅಕ್ಕಾವ್ರನ್ನ ಕೇಳಿ ಬಾರಪ್ಪಾ, ಅರಗ ಅಂದ್ರ ಬಳಿಗಾರರ ಅರಗೋ, ಬ್ಯಾರೆ ಏನರ ಐತೋ?" ಅವ ಮರುದಿನ ಬಂದು, "ಬರೆದ ಹಾಗೆ ಮಾಡು ಅನ್ನು ಅಂದಾರ" ಅಂದಾ. ಇಷ್ಟ ಓದಿದವರು ಹೇಳತಾರಂದ್ರ ಅಮೇರಿಕಾದಾಗ ಹಂಗ ಮಾಡತಾರೇನೋ ಅಂತ ಬಾಯಿ ಮುಚಗೊಂಡೆ. ರಹಿಮಾಬಿ ಬಳಿ ಅಂಗಡಿಗೆ ಹೋಗಿ ಅರಗ ಕೇಳಿದೆ. ಆಕಿ ನಕ್ಕೋತ, "ಯಾಕೋ, ಮೋಟಾರಕ್ಕ ಬಳಿ ತೊಡಸ್ತಿ ಏನ? ಬಸರೀ ಕುಬಸ ಯಾವಾಗ?" ಅಂದಳು. ಅವತ್ತ ನಾನೂ ನಕ್ಕೆ.

ಉಳಿದ ಕೆಲಸ ಬಂದು ನೋಡ್ರಿ ಬೇಕಾದ್ರ. ಗಾಜಿನ ಮ್ಯಾಲೆ ದೀಪದ ಮಸಿ ಹಚ್ಚಿ ಆ ತುಂಡ ಇಟ್ಟು ತಿಕ್ಕಿದೆ, ನಡುವ ಮಸಿ ಹತ್ತಲಿಲ್ಲ, ಅಂದ್ರ ಅಲ್ಲೆ ತಗ್ಗ. ಎರಡ ದಿನ ಕುಂತು ಸಮ ಮಾಡೀನಿ. ಬೋಲ್ಟ ನಡುವಿಂದ ಹೊರಗ ಒಂದೊಂದ ಸುತ್ತ ಬಿಗದೀನಿ. ಎಂಜಿನ್ ಚಾಲೂ ಮಾಡಿ ಸಂದಿಗುಂಟ ಊದಿನಕಡ್ಡಿ ಹಿಡದ ನೋಡೀನಿ, ಒಂದ ಎಳಿ ಹೊಗಿ ಒಳಗ ಹೋಗಲಿಲ್ಲ.

ಮತ್ತ ನಿಮ್ಮ ಹಾಳಿ! "ಅಂತಃಸೇವನ ನಳಿಕೆ" ಅಂತ ಬರದೀರಿ. ಎಂಜಿನ್ಯಾಗ ನಳಿಕಿ ಎಲ್ಲೈತಿ ಅಂತ ಒಂದ ದಿನ ಹುಡುಕೀನಿ. ಕಡೀಕ ನೋಡಿದ್ರ ಅದು ಕಾರ್ಬ್ಯುರೇಟರ್ ಹೊತ್ತ ಆ ತುಂಡ, ಮ್ಯಾನಿಫೋಲ್ಡ! ಹದಿನೆಂಟ ವರ್ಷ ಆತು ನಾ ಮ್ಯಾನಿಫೋಲ್ಡ ಬಿಚ್ಚಾಕತ್ತು. ನನಗ ಮ್ಯಾನಿಫೋಲ್ಡ ಗೊತ್ತಿಲ್ಲ ಅಂತ ನಿಮಗ ಯಾರ ಹೇಳಿದ್ರು?

ಅಯ್ಯಾವ್ರು ಇದ್ದಿದ್ರ ಏನ ಮಾಡತಿದ್ರು ಗೊತ್ತೇನ್ರಿ? ಬಂದು ಕೇಳತಿದ್ರು.

ಯಾಕೂಬ


ವಿಜಾಪುರ
20 ಏಪ್ರಿಲ್ 1961

ಯಾಕೂಬ ಮೇಸ್ತ್ರಿಯವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ನೀನು" ಎಂದದ್ದು ತಪ್ಪು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದದ್ದನ್ನಲ್ಲ.

ಸಾಬಣ್ಣನ ಕಡೆಯಿಂದ ನೀವು ಏನೋ ಕೇಳಿ ಕಳಿಸಿದ್ದೂ, ನಾನು ಹಾಗೆ ಉತ್ತರ ಕೊಟ್ಟದ್ದೂ ನನಗೆ ನೆನಪಿಲ್ಲ. ನೆನಪಿಲ್ಲದ್ದನ್ನು ಒಪ್ಪಿಕೊಳ್ಳಲಾರೆ. ಒಂದೊಂದು ಶಬ್ದವನ್ನೂ ನಿಘಂಟು ನೋಡಿ ತೂಗಿ ಬರೆದವಳು ನಾನು. ಎಂಜಿನ್ನಿಗೆ ಬಳೆಯ ಅರಗು ಮೆತ್ತಿ ಎಂದು ಬರೆಯುವಷ್ಟು ದಡ್ಡಳೇ? ಶಬ್ದ ಹುಡುಕಿ ನಗುವುದು ಸುಲಭ. ನಾನು ಬರೆದ ಹಾಳೆಯನ್ನು ಕಳಿಸಿಕೊಡಿ, ನೋಡೋಣ.

ರೇಣುಕವ್ವ


ಬಬಲೇಶ್ವರ
29 ಏಪ್ರಿಲ್ 1961

ವೈನಿಯವರಿಗೆ ಗುರುಪಾದಯ್ಯನ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ. ನಿಮ್ಮ ಕಾರ್ಡಿನ ಸುದ್ದಿ ತಿಕೋಟಾದಿಂದ ಬಬಲೇಶ್ವರದ ಸಂತೆಯವರೆಗೂ ಬಂದಿದೆ. ಬಹಳ ಸಮಾಧಾನವಾಯಿತು. ಅಣ್ಣ ಆ ಯಾಕೂಬನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದ. ಅಣ್ಣ ತೀರಿದ ಮೇಲೆ ಇವನನ್ನು ಶೆಡ್ಡಿರುವ ನಮ್ಮ ಜಾಗದಿಂದ ಎಬ್ಬಿಸೋಣ ಎಂದರೆ, "ಇರು ಅಂತ ಅಯ್ಯಾವ್ರ ಮಾತ ಕೊಟ್ಟಾರ" ಎಂದು ಊರಿನವರೆಲ್ಲ ಅವನ ಪರ. ಈಗ ಮನೆತನದ ಹೆಣ್ಣುಮಗಳೇ ಕಳ್ಳ ಎಂದು ಬರೆದ ಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ. ಜೂನ್ ಒಂದನೇ ತಾರೀಖಿಗೆ ಶೆಡ್ಡು ತೆಗೆದುಕೊಂಡು ಹೋಗು ಎಂದು ಹೇಳಿಯಾಯಿತು. ಅಲ್ಲಿ ಕಾಳಿನ ಗೋದಾಮು ಕಟ್ಟಲು ಒಬ್ಬರು ಸಿದ್ಧರಿದ್ದಾರೆ.

ಜಾಗ ನನ್ನ ಮತ್ತು ಅಣ್ಣನ ಇಬ್ಬರ ಹೆಸರಿನಲ್ಲಿರುವುದರಿಂದ ನಿಮ್ಮದೂ ಒಂದು ಸಹಿ ಬೇಕಂತೆ. ಬರೀ ರೂಢಿಯ ಮಾತು. ಕಾಗದ ಇದರೊಳಗಿದೆ. ಗುರುತು ಮಾಡಿದ ಕಡೆ ಸಹಿ ಹಾಕಿ ಕಳಿಸಿರಿ, ಓದುವ ತ್ರಾಸು ಬೇಡ.

ನಿಮ್ಮ ಮೈದುನ
ಗುರುಪಾದಯ್ಯ


ತಿಕೋಟಾ
4 ಮೇ 1961

ಅಕ್ಕಾವ್ರಿಗೆ,

ಹಾಳಿ ಕಳಸಂಗಿಲ್ಲ. ನನ್ನ ಕಡೆ ಇರೂ ಸಾಕ್ಷಿ ಅದೊಂದ. ನೀವು ಬರದದ್ದ ಹಿಂಗ ಐತಿ, ನೋಡಿ ನೋಡಿ ಬರದೀನಿ: "ಸಂದಿನ ಪದರದ ಇಬ್ಬದಿಗೂ ಅರಗನ್ನು ತೆಳುವಾಗಿ ಲೇಪಿಸಿ, ಆರುವ ಮೊದಲೇ ಅಂತಃಸೇವನ ನಳಿಕೆಯನ್ನು ಕೂರಿಸಬೇಕು."

ಇಂಗ್ಲೀಷ ಪುಸ್ತಕ ನಿಮ್ಮ ಮನ್ಯಾಗ ಐತಿ. ಹಾಳಿ ಬೇಡೂದು ಬಿಟ್ಟು ಅದನ್ನ ತಗದ ನೋಡ್ರಿ.

ಗುರುಪಾದಯ್ಯನವ್ರು ಬಂದಿದ್ರು. ಶೆಡ್ ಬಿಡು ಅಂದಾರ. "ನಮ್ಮ ವೈನೀನ ನಿನ್ನ ಕಳ್ಳ ಅಂದಾಳ, ಇನ್ನೇನ ಬೇಕು?" ಅಂದ್ರು. ಶೆಡ್ಡಿನ ಹಿಂದ ನಮ್ಮ ಸಂಸಾರ ಐತಿ ಅನ್ನೂದು ನಿಮಗ ಗೊತ್ತು. ಮುಮತಾಜ ಪಾತ್ರಿ ಕಟ್ಟಾಕತ್ತಾಳ. ಬಸ್ಸಿನವರು ಸೈತ ಈಗ ಪಂಪ ರಿಪೇರಿಗೆ ವಿಜಾಪುರಕ್ಕ ಒಯ್ಯತಾರ. ಸಿಟ್ಟ ಯಾರ ಮ್ಯಾಲೆ ಮಾಡಲಿ, ಹೇಳ್ರಿ. ನಿಮ್ಮ ಮ್ಯಾಲೆ ಮಾಡಾಕತ್ತೇನಿ.

ಯಾಕೂಬ


ವಿಜಾಪುರ
9 ಮೇ 1961

ಯಾಕೂಬ ಮೇಸ್ತ್ರಿಯವರಿಗೆ,

ಕೈಪಿಡಿ ನನ್ನ ಮೇಜಿನ ಮೇಲೆಯೇ ಇತ್ತು. ನಿಮ್ಮ ಮೊದಲ ಪತ್ರ ಬಂದ ದಿನವೂ ಇತ್ತು, ನಾನು ಉತ್ತರ ಬರೆದ ದಿನವೂ ಮೊಣಕೈ ತಾಗುವಷ್ಟು ಹತ್ತಿರ ಇತ್ತು. ನಾನು ತೆರೆಯಲಿಲ್ಲ. ಯಾಕೆ ಎಂದು ಈಗ ಕೇಳಿಕೊಂಡರೆ ಒಂದೇ ಉತ್ತರ ಬರುತ್ತದೆ: ತೆರೆದರೆ ಏನು ಕಾಣುತ್ತದೆಂದು ಒಳಗೆಲ್ಲೋ ಗೊತ್ತಿತ್ತು.

ಮೊನ್ನೆ ತೆರೆದೆ. ಅಲ್ಲಿರುವ ಶಬ್ದ ಶೆಲ್ಯಾಕ್. ನಿಘಂಟಿನಲ್ಲಿ ಅದಕ್ಕೆ ಅರಗು ಎಂದಿದೆ. ನಿಘಂಟು ಪೂರ್ತಿ ಸುಳ್ಳು ಹೇಳಿಲ್ಲ. ಅರಗನ್ನೇ ಶುದ್ಧ ಮಾಡಿ ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಶೆಲ್ಯಾಕ್ ಆಗುತ್ತದಂತೆ, ಜಿಲಾನಿ ಹೇಳಿದ. ತೆಳ್ಳಗೆ ಹಚ್ಚಿದರೆ ಗಟ್ಟಿಯಾಗಿ ಕೂರುತ್ತದೆ. ಬಳೆಗಾರರದಕ್ಕೆ ಮೇಣ, ಇಟ್ಟಿಗೆಪುಡಿ ಬೆರೆಸಿರುತ್ತಾರೆ, ಅದು ಬಿಸಿಗೆ ಹರಿಯುತ್ತದೆ. ಇಷ್ಟನ್ನು ತಿಳಿಯಲು ನಾನು ಯಾರನ್ನಾದರೂ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ನೀವು ಕೇಳಿದಿರಿ.

ಸಾಬಣ್ಣನನ್ನು ವಿಚಾರಿಸಿದೆ. ಅವನು ನೆಲ ನೋಡುತ್ತ, "ಹೌದ್ರಿ ಅಕ್ಕಾವ್ರ. ನೀವು ಪರೀಕ್ಷಾ ಪೇಪರ ತಿದ್ದಾಕತ್ತಿದ್ರಿ. ತಲಿ ಎತ್ತಲಿಲ್ಲ. ಕೆಂಪ ಶಾಯಿ ಆಡಸಕೋತ ಹಂಗ ಅಂದ್ರಿ" ಎಂದ. ಆಗಲೂ ನನಗೆ ನೆನಪಾಗಲಿಲ್ಲ. ತಲೆ ಎತ್ತದೆ ಆಡಿದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ನನ್ನ ಮೇಲೆ ನನಗೆ ಬಂದಿರುವ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯದು. ಬೆಂಚಿನ ಮೇಲೆ ನಿಲ್ಲಿಸಿದವರು ನನಗೆ ಮಾಡಿದ್ದನ್ನೇ ನಾನು ಶುದ್ಧ ಕನ್ನಡದಲ್ಲಿ ನಿಮಗೆ ಮಾಡಿದೆನೇ?

ತಪ್ಪು ನನ್ನದು. ಗುರುಪಾದಯ್ಯನಿಗೂ ಇದನ್ನು ಬರೆದಿದ್ದೇನೆ, ಶೆಡ್ಡಿನ ಮಾತು ಬಿಡಲು ಕೇಳಿದ್ದೇನೆ. ಅವನು ಬಿಡುತ್ತಾನೆ ಎಂದುಕೊಂಡಿದ್ದೇನೆ.

ರೇಣುಕವ್ವ


ಬಬಲೇಶ್ವರ
17 ಮೇ 1961

ವೈನಿಯವರಿಗೆ ನಮಸ್ಕಾರ.

ಪತ್ರ ಓದಿದೆ. ಒಂದು ಶಬ್ದ ಹೆಚ್ಚುಕಡಿಮೆ ಆಗಿರಬಹುದು. ಅದಕ್ಕೆ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುವುದೇ? ನೀವು ಅರಗು ಎಂದರೆ ಅವನ ಬುದ್ಧಿ ಎಲ್ಲಿ ಹೋಗಿತ್ತು? ಹಾಗೂ ನಿಮಗೆ ಕಳವಳವಾದರೆ ಅವನಿಗೆ ಒಂದು ಮಾತು ಒಳಗೊಳಗೇ ಹೇಳಿ ಮುಗಿಸಿಬಿಡಿರಿ. ಊರ ಮುಂದೆ ಮಾತ್ರ ಬರಬಾರದು. ನಿಮ್ಮ ಮಾತಿನ ಮೇಲೆ ನಾನು ಅವನನ್ನು ಎಬ್ಬಿಸಿದ್ದೇನೆ. ಈಗ ಆ ಮಾತೇ ಸುಳ್ಳೆಂದರೆ ಸಂತೆಯಲ್ಲಿ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ? ಮೇಸ್ತ್ರಿಯ ಮುಂದೆ ನಮ್ಮಂಥ ಮಠದ ಮನೆಯವರು ಕೈಮುಗಿದರು ಅಂತಾರೆ.

ಸಹಿ ಇನ್ನೂ ಬಂದಿಲ್ಲ. ತಿಂಗಳ ಕೊನೆಯೊಳಗೆ ಬೇಕು.

ಗುರುಪಾದಯ್ಯ


ತಿಕೋಟಾ
20 ಮೇ 1961

ಅಕ್ಕಾವ್ರಿಗೆ,

ನಿಮ್ಮ ಲಕೋಟಿ ಬಂದು ಹತ್ತ ದಿನ ಆತು. ಬರೀಬಾರದು ಅಂತ ಕುಂತಿದ್ದೆ.

ಶೆಲ್ಯಾಕ! ಅಲ್ರೀ, ಶೆಲ್ಯಾಕ ನನಗ ಗೊತ್ತಿಲ್ಲೇನ್ರಿ? ಸೊಲ್ಲಾಪುರದಿಂದ ಬಾಟ್ಲಿ ತರಸ್ತೀನಿ. ಅರ್ಧ ಬಾಟ್ಲಿ ಈಗೂ ತಲಿ ಮ್ಯಾಲಿನ ಹಲಿಗ್ಯಾಗ ಐತಿ. ಆ ಶಬ್ದ ಹಂಗ ಬಿಟ್ಟಿದ್ರ ಕೈ ಎತ್ತಿ ತಗೋತಿದ್ದೆ. ನನಗ ತಿಳೀಲಿ ಅಂತ ನನಗ ಗೊತ್ತಿದ್ದ ಶಬ್ದಾನ ತಗದ್ರಿ. ಈ ಮಾತ ಮುಮತಾಜಗ ಓದಿ ಹೇಳಿದ್ರ ಆಕಿ ಅಳಲೂ ಇಲ್ಲ, ನಗಲೂ ಇಲ್ಲ. "ಓದಿದವರ ಜೋಡಿ ನಿಂದೇನ ಕೆಲಸ?" ಅಂದಳು.

ತಪ್ಪ ಒಪಗೊಂಡೀರಿ. ಲಕೋಟಿಗೆ ಅಂಟ ಬೇಷ ಹಚ್ಚೀರಿ. ಶಾಂತಪ್ಪ ಅದನ್ನ ತಿರುವಿ ಮುರುವಿ ನೋಡಿ, "ಮತ್ತ ಬೈದಾರೇನೋ, ಈ ಸಲ ಬಲೇ ಘಾತದ ಬೈಗಳಾ ಇರಬೇಕು, ಮುಚ್ಚಿ ಕಳಿಸ್ಯಾರ" ಅಂದಾ. ಚಾದಂಗಡ್ಯಾಗ ಎಲ್ಲಾರೂ ಹೌದಂದ್ರು. ಬೈಯೂದು ಕಾರ್ಡಿನ್ಯಾಗ, ತಪ್ಪ ಅನ್ನೂದು ಲಕೋಟ್ಯಾಗ. ಇದ್ಯಾವ ನ್ಯಾಯರಿ? ನೀವು ಬರದದ್ದನ್ನ ನಾನ ಓದಿ ಹೇಳಿದ್ರ ಮಂದಿ ನಂಬತಾರೇನ? ಕಳ್ಳ ತನಗ ತಾನ ಚೀಟಿ ಬರಕೊಂಡಾನ ಅಂತಾರ.

ಹನ್ನೆರಡ ದಿನ ಉಳದಾವು. ತಗಡ ಬಿಚ್ಚಾಕ ಸುರು ಮಾಡೀನಿ.

ಯಾಕೂಬ


ವಿಜಾಪುರ
23 ಮೇ 1961
(ಕಾರ್ಡು)

ಯಾಕೂಬ ಮೇಸ್ತ್ರಿಯವರಿಗೆ, ಮತ್ತು ಇದನ್ನು ಕೇಳುತ್ತ ಕೂತಿರುವ ಎಲ್ಲರಿಗೂ,

ಏಪ್ರಿಲ್ ಹತ್ತರ ಕಾರ್ಡಿನಲ್ಲಿ ನಾನು ಯಾಕೂಬರನ್ನು ಕಳ್ಳ ಮೇಸ್ತ್ರಿ ಎಂದು ಬರೆದೆ. ಅದು ಸುಳ್ಳು. ಅರಗು ಹಚ್ಚಿ ಎಂದು ಬರೆದುಕೊಟ್ಟವಳು ನಾನು. ಅವರಿಗೆ ಅನುಮಾನ ಬಂದು ಕೇಳಿ ಕಳಿಸಿದರು. ತಲೆ ಎತ್ತದೆ "ಬರೆದ ಹಾಗೆ ಮಾಡು" ಎಂದವಳೂ ನಾನೇ. ಎಂಜಿನ್ ಕೆಟ್ಟದ್ದು ನನ್ನ ಮಾತಿನಿಂದ, ಅವರ ಕೈಯಿಂದಲ್ಲ.

ಶೆಡ್ಡಿನ ಜಾಗದಲ್ಲಿ ನಮ್ಮ ಯಜಮಾನರ ಪಾಲಿದೆ. ಅದು ಈಗ ನನ್ನದು. ಗೋದಾಮಿನ ಕಾಗದಕ್ಕೆ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಮೈದುನ ಗುರುಪಾದಯ್ಯ ಇದನ್ನು ಪರರ ಬಾಯಲ್ಲಿ ಕೇಳಬಾರದೆಂದು ಇದೇ ಒಕ್ಕಣೆಯ ಕಾರ್ಡನ್ನು ಇಂದೇ ಬಬಲೇಶ್ವರಕ್ಕೂ ಹಾಕಿದ್ದೇನೆ.

ಶಾಂತಪ್ಪನವರೇ, ಮೊದಲ ಕಾರ್ಡನ್ನು ಎರಡು ಸಲ ಓದಿದಿರಂತೆ. ಇದನ್ನು ಮೂರು ಸಲ ಓದಿ.

ರೇಣುಕವ್ವ


ತಿಕೋಟಾ
2 ಜೂನ್ 1961

ಅಕ್ಕಾವ್ರಿಗೆ,

ಕಾರ್ಡ ಬಂತು. ಶಾಂತಪ್ಪ ಮೊದಲ ಭಾಳ ಹುರುಪಿಲೆ ಸುರು ಮಾಡಿದಾ. ತನ್ನ ಹೆಸರ ಬಂದ ಕೂಡಲೆ ಕಾರ್ಡ ಚೀಲದಾಗ ಇಡಾಕ ಹೋದಾ. "ಓದಲೇ, ನಾಲಿಗಿ ಎಲ್ಲಿ ಹೋತು? ಅರಗ ಹತ್ತೇತೇನ?" ಅಂತ ಮಂದಿ ಬೆನ್ನ ಹತ್ತಿದ್ರು. ಮೂರೂ ಸಲ ಓದಿಸಿದ್ರು. ರಹಿಮಾಬಿ ಅಂಗಡಿ ಬಿಟ್ಟು ಬಂದಿದ್ಲು. ಮೂರನೇ ಸಲ ಯಾರೂ ನಗಲಿಲ್ಲ.

ಗುರುಪಾದಯ್ಯನವ್ರು ನಿನ್ನೆ ಬಂದು ರಸ್ತ್ಯಾಗ ನಿಂತ್ರು, ತಗಡ ನೋಡಿದ್ರು, ಬಂದ ದಾರಿ ಹಿಡದು ಹೋದ್ರು. ಬಿಚ್ಚಿದ ನಾಕ ತಗಡ ಮತ್ತ ಬಡದೀನಿ. ಮುಮತಾಜ ಪಾತ್ರಿ ಗಂಟ ಇನ್ನೂ ಬಿಚ್ಚಿಲ್ಲ. "ಈ ವರ್ಷ ಸಹಿ ಹಾಕಂಗಿಲ್ಲ ಅಂತಾರ, ಮುಂದಿನ ವರ್ಷ?" ಅಂತಾಳ. ಅದಕ್ಕ ಉತ್ತರ ನೀವ ಕೊಡಬೇಕು.

ಸಿಟ್ಟ ಹೋತೇನು ಅಂತ ಕೇಳಬ್ಯಾಡ್ರಿ. ಹೋಗಿಲ್ಲ. ಒಂದೂವರಿ ತಿಂಗಳ ಊರಾಗ ತಲಿ ಬಗ್ಗಿಸಿ ತಿರುಗೀನಿ, ಅದನ್ನ ಯಾವ ಕಾರ್ಡೂ ತಿರುಗಿ ಕೊಡಂಗಿಲ್ಲ.

ಆದ್ರ ಎಂಜಿನ್ ಜಿಲಾನಿ ಕಡೆ ಬಿಚ್ಚಿ ಬಿದ್ದೈತಿ ಅಂತ ಸಾಬಣ್ಣ ಹೇಳಿದಾ. ಅದು ನನಗ ನೋಡಾಕ ಆಗಂಗಿಲ್ಲ. ಎಲ್ಲಾ ಒಂದ ಚಕ್ಕಡ್ಯಾಗ ಹಾಕಿ ಕಳಸ್ರಿ. ವಾಲ್ವ ತಗದು ಸ್ಪಿರಿಟ್ಟಿನ್ಯಾಗ ತೊಳೀಬೇಕು. ಸಂದಿ ಮತ್ತ ಮಸಿ ಹಚ್ಚಿ ನೋಡಬೇಕು. ಎಂಜಿನ್ ಒಂದ ಸಲ ಕಾದು ಆರಿದ ಮ್ಯಾಲೆ ಬೋಲ್ಟ ಇನ್ನೊಮ್ಮಿ ಬಿಗೀಬೇಕಂತ ಪುಸ್ತಕದಾಗ ಬರದಾರೋ ಇಲ್ಲೋ? ನಿಮ್ಮ ಹಾಳ್ಯಾಗಂತೂ ಇಲ್ಲ.

ಶನಿವಾರ ನೀವೂ ಬರ್ರಿ. ಬರಕೊಂಡ ಬರಬ್ಯಾಡ್ರಿ, ಪುಸ್ತಕಾನ ತರ್ರಿ. ನನ್ನ ಬಾಜೂಕ ನಿಂತು ಓದ್ರಿ, ಇದ್ದಂಗ ಓದ್ರಿ. ತಿಳೀಲಿಲ್ಲಂದ್ರ ಕೇಳತೇನಿ. ಕೇಳಿದಾಗ ನನ್ನ ಮಾರಿ ನೋಡಿ ಹೇಳ್ರಿ.

ಯಾಕೂಬ